‘ಪೇಟ್’ ಅಂತ ಮಾತ್ರ ಓದೋಕಾಗೋ ಮುದ್ರೆ: ಈ ವ್ಯಾಪಾರಿ ಕಾಗದ ಕೊಡಗಿನ ಯಾವ ಪೇಟೆಯದು?

ಪೇಟೆಬೀದಿ
ಮಾರಾಟಕ್ಕೆ ಬಂದಿರೋ ಒಂದು ಹಳೇ ಕಾಗದದ ಮೂಲ ಹಿಡಿಯಬೇಕು. ತಿಳಿದವರು ಹೇಳಿ.

ಲಕೋಟೆ ಇಲ್ಲ. ಒಂದೇ ಹಾಳೆ ಮಡಚಿ ಅರಗು ಹಾಕಿ ಮುಚ್ಚಿದ್ದು. ಒಳಗೆ ಕನ್ನಡ, ಮೋಡಿ ಕೈಬರಹ (ಅಕ್ಷರ ಕೂಡಿಸಿ ವೇಗವಾಗಿ ಗೀಚೋ ಹಳೇ ಶೈಲಿ). ಓದೋಕೆ ಆಗಿದ್ದಿಷ್ಟು: ‘ಜಯ ಸಂವತ್ಸರದ ಮಾಘ ಶುದ್ಧ ೫’, ಏಲಕ್ಕಿ, ಒಳ್ಳೆಮೆಣಸು, ‘ಹುತ್ತರಿ ಕಳೆದ ಮೇಲೆ’, ಕಂಡಿ ಲೆಕ್ಕದಲ್ಲಿ ತೂಕ. ಮೇಲ್ವಿಳಾಸ ಇಂಗ್ಲಿಷ್ ಮತ್ತು ಮಲಯಾಳದಲ್ಲಿ, ತಲಚೇರಿಯ ಒಂದು ಮಂಡಿಗೆ. ಸ್ಟಾಂಪ್ ಇಲ್ಲ. ಮುಂಭಾಗದಲ್ಲಿ ಕಪ್ಪು ದುಂಡು ಅಂಚೆ ಮುದ್ರೆಯ ಬಲ ಅರ್ಧ ಮಾತ್ರ ಇದೆ, ಊರ ಹೆಸರಿನ ಕೊನೆಯ ಮೂರು ಇಂಗ್ಲಿಷ್ ಅಕ್ಷರ ಪಿ-ಇ-ಟಿ. ಹಿಂದೆ ತಲಚೇರಿ ಮುದ್ರೆ ಪೂರ್ತಿ ಇದೆ, ಆದರೆ ತಾರೀಕಿನ ಜಾಗ ಬರೀ ಮಸಿ.

ಮಾರುವವರ ವಿವರಣೆ: ‘1834, ಕೊಡಗು ಕಂಪನಿ ಕೈಸೇರಿದ ವರ್ಷದ ಕಾಗದ. ಸ್ಟಾಂಪ್ ಹುಟ್ಟೋಕೆ ಮುಂಚಿನದು.’ ಬೆಲೆಯೂ ಹಾಗೇ ಇದೆ. ನಂಬಬಹುದಾ? ‘ಪೇಟ್’ ಅಂದ್ರೆ ವಿರಾಜಪೇಟೆ ತಾನೇ?

ಮೂರುಸೇರು
ಸೋಮವಾರಪೇಟೆ ಯಾಕಾಗಬಾರದು? ಪೊನ್ನಂಪೇಟೆ? ಫ್ರೇಸರ್‌ಪೇಟೆ? ಕೊಡಗಲ್ಲಿ ಕಲ್ಲೆಸೆದರೆ ಒಂದು ಪೇಟೆಗೆ ಬೀಳುತ್ತೆ.

ಸಂಪಾಜೆಘಾಟಿ
ಫ್ರೇಸರ್‌ಪೇಟೆ ಅಂದ್ರೆ ಈಗಿನ ಕುಶಾಲನಗರ. ಗೊತ್ತಿಲ್ಲದವರಿಗೆ ಹೇಳಿದ್ದು. ಹಳೇ ಮುದ್ರೆಯಲ್ಲಿ ಕುಶಾಲನಗರ ಅಂತ ಹುಡುಕಿ ಕೂತರೆ ಸಿಗ್ಲಿಕ್ಕಿಲ್ಲ ಮಾರಾಯ್ರೆ.

ಪಂಚಾಂಗದ ಪುಟ
ಮೊದಲು ವರ್ಷ ಸರಿಮಾಡಿಕೊಳ್ಳಿ, ಊರು ಆಮೇಲೆ. ಜಯ ಸಂವತ್ಸರ 1834ರ ಯುಗಾದಿಗೆ ಶುರುವಾಯ್ತು, ನಿಜ. ಆದರೆ ಮಾಘ ಬರೋದು ಸಂವತ್ಸರದ ಕೊನೆಗೆ. ಮಾಘ ಶುದ್ಧ ಪಂಚಮಿ ಅಂದ್ರೆ 1835ರ ಫೆಬ್ರವರಿ ಮೊದಲ ವಾರ. ಮಾರುವವರು ಹೇಳಿದ್ದೇ ನಿಜ ಅಂದುಕೊಂಡರೂ 1834 ತಪ್ಪು.

ಇನ್ನೂ ದೊಡ್ಡ ತೊಡಕು: ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತೆ. ಜಯ 1894ರಲ್ಲೂ ಬಂತು, 1954ರಲ್ಲೂ ಬಂತು, 2014ರಲ್ಲೂ. 1894ರ ಸುತ್ತಿನಲ್ಲಿ ಅದೇ ತಿಥಿ ಬೀಳೋದು 1895ರ ಜನವರಿ ಕೊನೆಗೆ. ಶಕ ವರ್ಷ ಬರೆದಿದ್ದರೆ ಜಗಳವೇ ಇಲ್ಲ, ಆದರೆ ವ್ಯಾಪಾರಿಗಳು ಅದನ್ನ ಬರೆಯೋದು ಕಡಿಮೆ. ತಿಥಿಯ ಪಕ್ಕ ವಾರ ಇದೆಯಾ ನೋಡಿ. ವಾರ ಸಿಕ್ಕರೆ ಎರಡು ಸುತ್ತಿನ ಪಂಚಾಂಗಕ್ಕೂ ಹೊಂದಿಸಿ ನೋಡಬಹುದು.

ಪೇಟೆಬೀದಿ
ವಾರ ಇಲ್ಲ. ಆ ಜಾಗದಲ್ಲೇ ಮಡಿಕೆ ಹರಿದಿದೆ.

ಮೂರುಸೇರು
ಹರಿಯೋದು ಯಾವಾಗಲೂ ಅಲ್ಲೇ.

ಕಾಲುತೊಲ
‘ಸ್ಟಾಂಪ್ ಇಲ್ಲ, ಆದ್ದರಿಂದ ಸ್ಟಾಂಪ್ ಬರೋಕೆ ಮುಂಚಿನದು’: ಹಳೇ ಕಾಗದ ಕೊಳ್ಳುವವರು ಹೆಚ್ಚಾಗಿ ಜಾರಿಬೀಳೋದು ಇದೇ ಮೆಟ್ಟಿಲಲ್ಲಿ.

ಇಡೀ ಇಂಡಿಯಾಕ್ಕೆ ಒಂದೇ ದರ ಮತ್ತು ಸ್ಟಾಂಪ್ ಬಂದಿದ್ದು 1854ರ ಅಕ್ಟೋಬರ್ 1ಕ್ಕೆ. ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ, ಅರ್ಧ ತೊಲಕ್ಕೆ ಒಂದಾಣೆ, ದೂರ ಎಷ್ಟಿದ್ದರೂ ಅಷ್ಟೇ. ಅದಕ್ಕೆ ಮುಂಚೆ ತೂಕ ಮತ್ತು ದೂರ ಎರಡನ್ನೂ ನೋಡಿ ಹಣ ಎಣಿಸ್ತಿದ್ದರು. ಆ ಕಾಲದ ಕಾಗದದ ಮೇಲೆ ಸಾಮಾನ್ಯವಾಗಿ ಎಷ್ಟು ಆಣೆ ಅಂತ ಕೈಯಲ್ಲಿ ಬರೆದಿರುತ್ತೆ, ಜೊತೆಗೆ ‘ಪೇಯ್ಡ್’ (ಹಣ ಕಟ್ಟಿದೆ) ಅಥವಾ ‘ಬೇರಿಂಗ್’ (ಪಡೆಯುವವನು ಕಟ್ಟಬೇಕು). ಹಣ ಕಟ್ಟಿದ್ದಕ್ಕೆ ಕೆಂಪು, ಕಟ್ಟದ್ದಕ್ಕೆ ಕಪ್ಪು ಮಸಿ ಅನ್ನೋದು ವಾಡಿಕೆ. ನಿಮ್ಮ ಕಾಗದದಲ್ಲಿ ಆಣೆ ಅಂಕಿಯೇ ಇಲ್ಲ ಅಂದ್ರೆ 1835 ಅನ್ನೋದಕ್ಕೆ ಅದೇ ಒಂದು ಏಟು.

1854ರ ನಂತರವೂ ಸ್ಟಾಂಪ್ ಇಲ್ಲದ ಕಾಗದ ಹೋಗ್ತಿತ್ತು, ಪಡೆಯುವವನು ಎರಡರಷ್ಟು ಕೊಟ್ಟು ಬಿಡಿಸಿಕೊಳ್ಳಬೇಕಿತ್ತು. ‘ಹಣ ಕೊಡದಿದ್ದರೆ ಕಾಗದ ಕಳೆಯಲ್ಲ, ಟಪಾಲಿನವನು ಹುಡುಕಿಕೊಂಡು ಬಂದೇ ಬರ್ತಾನೆ’ ಅನ್ನೋ ನಂಬಿಕೆಯಿಂದ ಬೇಕಂತಲೇ ಬೇರಿಂಗ್ ಕಳಿಸೋರೂ ಇದ್ದರು. ಅದಕ್ಕೆ ಕೇಳ್ತೀನಿ, ಆ ಅರ್ಧ ಮುದ್ರೆ ಯಾಕೆ ಅರ್ಧ? ಮಸಿ ಸರಿಯಾಗಿ ತಾಗದೆ ನಿಧಾನ ಮಾಸಿದೆಯಾ, ಇಲ್ಲ ಚಾಕುವಿನಿಂದ ಕೊಯ್ದ ಹಾಗೆ ನೇರ ಗೆರೆಯಲ್ಲಿ ನಿಂತಿದೆಯಾ?

ಪೇಟೆಬೀದಿ
ನೇರ ಗೆರೆ. ನೀವು ಕೇಳಿದ ಮೇಲೆ ನೋಡಿದರೆ ಆ ಗೆರೆಯ ಎಡಕ್ಕೆ ಕಾಗದ ಒಂದು ಚೌಕದಷ್ಟು ಬಿಳಿಚಾಗಿದೆ. ಸುತ್ತಲೂ ಚಹಾ ಬಣ್ಣ.

ಕಾಲುತೊಲ
ಅಳೆಯಿರಿ. ಅಗಲ 19 ಮಿ.ಮೀ., ಎತ್ತರ 22–23 ಮಿ.ಮೀ. ಹತ್ತಿರ ಬಂದರೆ ಅಲ್ಲಿ ವಿಕ್ಟೋರಿಯಾ ರಾಣಿ ಕೂತಿದ್ದಳು ಅಂತ ಅರ್ಥ. ಯಾರೋ ಆಲ್ಬಮ್ಮಿಗೆ ಸ್ಟಾಂಪ್ ಬಿಡಿಸಿಕೊಂಡು ಕಾಗದ ಬಿಟ್ಟಿದ್ದಾರೆ. ಮುದ್ರೆಯ ಎಡ ಅರ್ಧ ಸ್ಟಾಂಪಿನ ಜೊತೆ ಹೋಯ್ತು.

365 ನ್ಯಾನೋಮೀಟರಿನ ನೇರಳಾತೀತ ಟಾರ್ಚ್ ಕತ್ತಲಲ್ಲಿ ಹಿಡಿಯಿರಿ. ಹಳೇ ಗೋಂದು ಉಳಿದಿದ್ದರೆ ಆ ಚೌಕದ ಅಂಚು ಸುತ್ತಲಿನ ಕಾಗದಕ್ಕಿಂತ ಬೇರೆಯಾಗಿ ಕಾಣುತ್ತೆ. ಚೌಕದ ಒಳಗೆ ಮುದ್ರೆಯ ಚೂರೂ ಇಲ್ಲದೆ, ಅಂಚಿಗೆ ಸರಿಯಾಗಿ ಕೊನೆಯಾಗಿದ್ದರೆ ವಾದ ಮುಗೀತು.

ಪೇಟೆಬೀದಿ
19 × 22.5. ಅಂಚು ಹಳದಿಯಾಗಿ ಕಾಣ್ತು.

ಪಂಚಾಂಗದ ಪುಟ
ಹಾಗಾದರೆ 1854ರ ಈಚೆ. ಜಯದ ಮುಂದಿನ ಸುತ್ತು, 1895ರ ಜನವರಿ. ಅರವತ್ತು ವರ್ಷ ಒಂದೇ ಏಟಿಗೆ ಕಳೀತು.

ಸಂಪಾಜೆಘಾಟಿ
ಅವಸರ ಬೇಡ. 1835ರ ಕಾಗದಕ್ಕೆ ಯಾರೋ ಆಮೇಲೆ ಸ್ಟಾಂಪ್ ಅಂಟಿಸಿ, ಖೋಟಾ ಮುದ್ರೆ ಹೊಡೆದು, ಮತ್ತೆ ಕಿತ್ತಿರಬಹುದಲ್ಲ?

ಕಾಲುತೊಲ
ಖೋಟಾ ಮಾಡುವವನು ಅಂಟಿಸ್ತಾನೆ, ಕೀಳೋದಿಲ್ಲ. ಆದರೂ ಕೇಳಿದ್ದು ಸರಿ, ಪರೀಕ್ಷೆ ಸುಲಭ ಇದೆ. ಮುದ್ರೆ ಯಾವುದಾದರೂ ಮಡಿಕೆ ದಾಟಿದೆಯಾ ನೋಡಿ. ಹೊಸದರಲ್ಲಿ ಕಾಗದಕ್ಕೆ ಅಂಟಿನ ಲೇಪ ಇರುತ್ತೆ, ಮಸಿ ಮೇಲೇ ನಿಲ್ಲುತ್ತೆ. ವರ್ಷಗಟ್ಟಲೆ ಮಡಚಿ ಬಿಚ್ಚಿ ಮಾಡಿದ ಗೆರೆಯಲ್ಲಿ ಆ ಲೇಪ ಹೋಗಿ ನಾರು ಎದ್ದಿರುತ್ತೆ. ಆಮೇಲೆ ಹೊಡೆದ ಮುದ್ರೆಯ ಮಸಿ ಅಲ್ಲಿ ಒಸರಿ, ಗೆರೆಗುಂಟ ಹರಡುತ್ತೆ. ಅಸಲಿಯಲ್ಲಿ ಇದು ತಿರುಗುಮುರುಗು: ಮಡಿಕೆಯಲ್ಲಿ ಮಸಿ ಸವೆದು ಬಿಳಿ ಗೀರು ಬಿದ್ದಿರುತ್ತೆ. ಹತ್ತು ಪಟ್ಟು ಭೂತಗನ್ನಡಿ, ಬದಿಯಿಂದ ಓರೆ ಬೆಳಕು, ಇಷ್ಟು ಸಾಕು.

ಕೊಡಿಯಾಲ ಬಂದರು
ತಲಚೇರಿಯವರು ಕಾಗದ ಬಂದ ದಿನ ಬೆನ್ನ ಮೇಲೆ ಟಿಪ್ಪಣಿ ಬರೆದಿಡ್ತಿದ್ದರು: ಯಾರ ಕಾಗದ, ಯಾವಾಗ ಬಂತು, ಉತ್ತರ ಯಾವಾಗ ಹೋಯ್ತು. ಹಿಂಭಾಗದ ಮಡಿಕೆಯೊಳಗೆ ಮಲಯಾಳ ಅಂಕಿ ಇದೆಯಾ? ಮಲಬಾರಿನವರು ಕೊಲ್ಲಂ ವರ್ಷ ಹಾಕ್ತಾರೆ. 1835ರ ಫೆಬ್ರವರಿ ಕೊಲ್ಲಂ 1010, 1895ರ ಜನವರಿ ಕೊಲ್ಲಂ 1070.

ಓದೋ ಕ್ರಮವೂ ಹೇಳ್ತೇನೆ. ಹಳೇ ಮಲಯಾಳ ಲೆಕ್ಕದಲ್ಲಿ ಸೊನ್ನೆ ಬಳಸ್ತಿರಲಿಲ್ಲ. ಹತ್ತು, ನೂರು, ಸಾವಿರಕ್ಕೆ ಒಂದೊಂದು ಬೇರೆ ಗುರುತು. 1010 ಬರೆಯೋಕೆ ಸಾವಿರದ ಗುರುತು, ಹತ್ತರ ಗುರುತು, ಎರಡೇ. 1070ಕ್ಕೆ ಸಾವಿರ, ಏಳು, ಹತ್ತು, ಒಟ್ಟು ಮೂರು ಗುರುತು. ಮಲಯಾಳ ಬರದಿದ್ದರೂ ಎಣಿಸಿದರೆ ಆಯ್ತು. ನಾಲ್ಕು ಗುರುತು ಕಂಡರೆ ಸೊನ್ನೆ ಹಾಕುವ ಹೊಸ ಕ್ರಮ, ಆಗ ಅಂಕಿಗಳನ್ನೇ ಓದಬೇಕು.

ಪೇಟೆಬೀದಿ
ಮೂರು!

ಮೂರುಸೇರು
ಮಾರುವವರಿಗೆ ಯಾರಾದರೂ ನೀರು ಕೊಡಿ.

ಬಳಪ ಕಡತ
ವರ್ಷ ಆಯ್ತು. ಈಗ ಊರು. ಮೋಡಿ ಓದೋಕೆ ಆಗ್ತಿಲ್ಲ ಅಂದಿರಿ. ಪೂರ್ತಿ ಓದೋದು ಬೇಡ, ಒಂದೇ ಗುರುತು ಹುಡುಕಿ. ಹಳೇ ಕನ್ನಡ ವ್ಯಾಪಾರಿ ಕಾಗದ ‘ಶ್ರೀ’ಯಿಂದ ಶುರುವಾಗಿ ಯಾರಿಗೆ, ಯಾರಿಂದ, ‘ಉಭಯ ಕುಶಲೋಪರಿ’ ಅಂತ ಒಂದು ಅಚ್ಚಿನಲ್ಲಿ ಇಳಿಯುತ್ತೆ. ಇಂಥ ತಿಥಿವರೆಗೆ ಕ್ಷೇಮ ಅಂತ ಬಂದ ಜಾಗದ ಆಸುಪಾಸಿನಲ್ಲೇ ‘ಮೊ’ ಅಂತ ಬರೆದು ಪಕ್ಕಕ್ಕೆ ಎರಡು ಉದ್ದ ಗೀಟು ಎಳೆದಿರ್ತಾರೆ. ಅದು ಮೊಕ್ಕಾಂ. ಬರೆದವನು ಆಗ ಇದ್ದ ಊರು ಅದರ ಮುಂದೆ.

ಇದು ಯಾಕೆ ಮುಖ್ಯ ಅಂದ್ರೆ, ಅಂಚೆ ಮುದ್ರೆ ಹೇಳೋದು ಕಾಗದ ಟಪಾಲಿಗೆ ಬಿದ್ದ ಊರನ್ನ, ಬರೆದ ಊರನ್ನಲ್ಲ. ತೋಟದಲ್ಲಿ ಬರೆದ ಕಾಗದವನ್ನ ಸಂತೆಗೆ ಹೋಗೋ ಆಳಿನ ಕೈಲಿ ಕೊಟ್ಟು ಪೇಟೆಯಲ್ಲಿ ಹಾಕಿಸ್ತಿದ್ದರು. ಘಾಟಿ ಇಳಿಯೋ ಎತ್ತಿನ ಗಾಡಿಯವನ ಕೈಲೇ ಕೊಟ್ಟರೆ ಬಂದರಿನವರೆಗೂ ಮುದ್ರೆಯೇ ಬೀಳಲ್ಲ. ಅಲ್ಲಿಂದ ಮುಂದೆ ಟಪಾಲಿಗೆ ಬಿದ್ದರೆ ಬಂದರಿನ ಮುದ್ರೆ ಮಾತ್ರ. ಕೊಡಗಿನ ಎಷ್ಟೋ ಕಾಗದ ತಲಚೇರಿ, ಕಣ್ಣೂರು, ಮಂಗಳೂರಿನ ಹೆಸರಲ್ಲಿ ಆಲ್ಬಮ್ ಸೇರಿರೋದು ಹೀಗೆ.

ಸಂಪಾಜೆಘಾಟಿ
ಒಪ್ಪಿದೆ. ಆದರೆ ಮುದ್ರೆ ಬಿಟ್ಟು ಬರಿ ಬರಹ ನಂಬಿದರೂ ಕಷ್ಟವೇ. ಮೊಕ್ಕಾಂ ಅಂತ ಯಜಮಾನನ ಅಂಗಡಿ ಊರನ್ನೇ ಅಭ್ಯಾಸಬಲದಿಂದ ಗೀಚುವ ಗುಮಾಸ್ತರು ಇದ್ದರು. ಎರಡೂ ಹೊಂದಬೇಕು.

ಬಳಪ ಕಡತ
ಅದಕ್ಕೇ ಸರಕು ನೋಡಬೇಕು ಅನ್ನೋದು. ‘ಹುತ್ತರಿ ಕಳೆದ ಮೇಲೆ’ ಅಂತ ಮೈಸೂರಿನ ಶೆಟ್ಟರು ಬರೆಯಲ್ಲ, ಅದು ಕೊಡಗಿನ ಬಾಯಿ. ಕಾಫಿ ಮಾತು ಇದೆಯಾ ಅದನ್ನೂ ನೋಡಿ. ಯುರೋಪಿಯನ್ನರ ಮೊದಲ ತೋಟ ಮಡಿಕೇರಿಯಲ್ಲಿ ಎದ್ದಿದ್ದು 1854ರಲ್ಲಿ. ‘ಪಾರ್ಚ್‌ಮೆಂಟ್’, ‘ಪಲ್ಪರ್’ ಥರದ ಕಾಫಿ ಹದ ಮಾಡೋ ಪದ ಕಂಡರೆ 1835 ಅನ್ನೋ ಮಾತೇ ಇಲ್ಲ. ಕಂಡಿ ಅಂದ್ರೆ ಇಪ್ಪತ್ತು ಮಣ, ಆದರೆ ಮಣವೇ ಊರಿಂದೂರಿಗೆ ಬೇರೆ. ಹಾಗಾಗಿ ‘ತಲಚೇರಿ ತೂಕ’ ಅಂತ ಬಿಡಿಸಿ ಬರೆದಿದ್ದರೆ ಬರೆದವನು ಬೇರೆ ತೂಕದ ಸೀಮೆಯಲ್ಲಿ ಕೂತಿದ್ದ ಅಂತ ತಿಳೀರಿ.

ಮೂರುಸೇರು
ಏಲಕ್ಕಿ ರೇಟು ಬರೆದಿದ್ದರೆ ಅದನ್ನೂ ಹಾಕಿ, ಹೊಟ್ಟೆ ಉರಿಸಿಕೊಳ್ಳೋಣ.

ಕಾಲುತೊಲ
ಈಗ ಪಿ-ಇ-ಟಿ. ಮೂರೇ ಅಕ್ಷರದಿಂದ ಹೆಸರಿನ ಉದ್ದ ತೆಗೆಯಬಹುದು.

ಎರಡೂ ಬದಿ 600 ಡಿಪಿಐಗೆ ಸ್ಕ್ಯಾನ್ ಮಾಡಿ. ಉಳಿದಿರೋ ಹೊರವೃತ್ತದ ಮೇಲೆ ಎರಡು ಕಡೆ ಗೆರೆ (ಜ್ಯಾ) ಎಳೆದು, ಒಂದೊಂದರ ಮಧ್ಯದಿಂದ ಲಂಬ ಎಳೆಯಿರಿ. ಲಂಬಗಳು ಕೂಡೋ ಜಾಗ ವೃತ್ತದ ಕೇಂದ್ರ. ಹೆಸರು ಸಾಮಾನ್ಯವಾಗಿ ಹನ್ನೆರಡು ಗಂಟೆಯ ನೇರಕ್ಕೆ ಎಡಬಲ ಸಮನಾಗಿ ಕೂರುತ್ತೆ. ಹನ್ನೆರಡು ಗಂಟೆ ಎಲ್ಲಿ ಅಂತ ಕಾಗದದ ಅಂಚು ನೋಡಿ ಹೇಳಬೇಡಿ, ಮುದ್ರೆ ಓರೆ ಬಿದ್ದಿರುತ್ತೆ. ನಡುವಿನ ತಾರೀಕಿನ ಸಾಲಿಗೆ ಲಂಬ ಹಿಡಿಯಿರಿ, ಅರ್ಧ ಸಾಲಿದ್ದರೂ ಸಾಕು. ಆಮೇಲೆ ಎರಡು ಕೋನ: ಕೊನೆಯ ಟಿ ಅಕ್ಷರದ ನಡು ಹನ್ನೆರಡರಿಂದ ಎಷ್ಟು ಡಿಗ್ರಿ, ಪಕ್ಕಪಕ್ಕದ ಅಕ್ಷರಗಳ ನಡುಗಳ ಅಂತರ ಎಷ್ಟು ಡಿಗ್ರಿ. ಮೊದಲನೆಯದನ್ನ ಎರಡರಿಂದ ಗುಣಿಸಿ, ಎರಡನೆಯದರಿಂದ ಭಾಗಿಸಿ, ಒಂದು ಕೂಡಿಸಿ. ಅಕ್ಷರಗಳ ಸಂಖ್ಯೆ ಸಿಗುತ್ತೆ.

ಇಂಗ್ಲಿಷಿನಲ್ಲಿ ಫ್ರೇಸರ್‌ಪೇಟ್, ಸೋಮವಾರ್‌ಪೇಟ್, ಪೊನ್ನಂಪೇಟ್ ಮೂರೂ ಒಂಬತ್ತು ಅಕ್ಷರ. ವಿರಾಜ್‌ಪೇಟ್ ಎಂಟು. ವಿರಾಜೇಂದ್ರಪೇಟ್ ಹದಿಮೂರು, ವೀರರಾಜೇಂದ್ರಪೇಟ್ ಅಂತ ಪೂರ್ತಿ ಬರೆದರೆ ಹದಿನೈದು. 1792ರಲ್ಲಿ ಊರು ಕಟ್ಟಿಸಿದ ದೊಡ್ಡವೀರರಾಜೇಂದ್ರನ ಹೆಸರು ಅದು. ಕಂಪನಿ ಗುಮಾಸ್ತರು ಬಾಯಿಗೆ ಬಂದ ಹಾಗೆ ಬರೆದರು.

ಪೇಟೆಬೀದಿ
ಟಿ 71 ಡಿಗ್ರಿ. ಅಂತರ ಎರಡೂ ಕಡೆ 12. ಅಂದ್ರೆ 142 ಭಾಗಿಸು 12, ಹನ್ನೊಂದು ಚಿಲ್ಲರೆ, ಒಂದು ಕೂಡಿಸಿದರೆ ಹದಿಮೂರಕ್ಕೆ ಸ್ವಲ್ಪ ಕಮ್ಮಿ. ವಿರಾಜೇಂದ್ರಪೇಟ್!

ಸಂಪಾಜೆಘಾಟಿ
ಕೃಷ್ಣರಾಜಪೇಟೆಯೂ ಇಂಗ್ಲಿಷಿನಲ್ಲಿ ಹದಿಮೂರು ಅಕ್ಷರ. ಎಣಿಸಿ ನೋಡಿ.

ಮೂರುಸೇರು
ಅಯ್ಯೋ, ಮಂಡ್ಯದವರೂ ಬಂದರು.

ಕಾಲುತೊಲ
ಒಳ್ಳೇ ಏಟು, ಒಪ್ಪಿದೆ. ಹಾಗಾದರೆ ಪಿ ಅಕ್ಷರದ ಹಿಂದಿನ ಅಕ್ಷರದ ಬುಡ ನೋಡಬೇಕು. ಸ್ಟಾಂಪಿನ ಅಂಚಿನಿಂದ ಒಂದು ಮಿಲಿಮೀಟರ್ ಕೆಳಗೆ ಇಣುಕಿದ್ದರೂ ಸಾಕು. ಕೃಷ್ಣರಾಜಪೇಟ್ ಆದರೆ ಅಲ್ಲಿ ಜೆ, ಒಂದೇ ಕಾಲು, ಎಡಕ್ಕೆ ಕೊಕ್ಕೆ. ವಿರಾಜೇಂದ್ರಪೇಟ್ ಆದರೆ ಎ, ‘ವಿರಾಜೆಂಡರ್‌ಪೇಟ್’ ಅಂತ ಬರೆದಿದ್ದರೆ ಆರ್. ಎರಡಕ್ಕೂ ಎರಡು ಕಾಲು.

ಈ ಅಳತೆಗೆ ಮಿತಿಯೂ ಇದೆ. ಐ, ಜೆ ಸಣಕಲು. ಎಂ, ಡಬ್ಲ್ಯೂ ದಪ್ಪ. ಹೀಗಾಗಿ ಒಂದು ಅಕ್ಷರ ಆಚೀಚೆ ಆಗಬಹುದು. ಒಂಬತ್ತಕ್ಕೂ ಹದಿಮೂರಕ್ಕೂ ಗೊಂದಲ ಬರಲ್ಲ, ಎಂಟಕ್ಕೂ ಒಂಬತ್ತಕ್ಕೂ ಬರುತ್ತೆ.

ಪೇಟೆಬೀದಿ
ಎರಡು ಕಾಲು. ಖಂಡಿತ ಎರಡು.

ಕೊಡಿಯಾಲ ಬಂದರು
ಹಿಂದೆ ತಲಚೇರಿ ಮುದ್ರೆ, ಮುಂದೆ ವಿರಾಜಪೇಟೆ. ಮಾಕುಟ್ಟ ಘಾಟಿ ಇಳಿದರೆ ಐವತ್ತು ಮೈಲಿ ಆಸುಪಾಸು. ತಿಂಗಳೂ ಹೊಂದುತ್ತೆ: ಮಳೆಗಾಲದಲ್ಲಿ ಮಲಬಾರಿನ ತೆರೆದ ಕಡಲಿನಲ್ಲಿ ಹಡಗು ನಿಲ್ಲಲ್ಲ, ಜೂನ್ ಒಳಗೆ ಸರಕು ಸಾಗಬೇಕು. ಏಲಕ್ಕಿ, ಮೆಣಸಿನ ಕಾಗದಗಳು ಜನವರಿಯಿಂದ ಏಪ್ರಿಲ್‌ವರೆಗೆ ಕಿಕ್ಕಿರಿದಿರೋದು ಅದಕ್ಕೇ.

ವಿಷಯ ಸ್ವಲ್ಪ ಆಚೆ ಹೋಗುತ್ತೆ, ಕ್ಷಮಿಸಿ. ಮುದ್ರೆಯೇ ಇಲ್ಲದ ಕಾಲದ ವ್ಯಾಪಾರಿ ಕಾಗದಗಳ ಮೂಲ ಹಿಡಿದಿದ್ದಕ್ಕೆ ದೊಡ್ಡ ಉದಾಹರಣೆ ನಮ್ಮ ಮಂಗಳೂರೇ. ಹನ್ನೆರಡನೇ ಶತಮಾನದಲ್ಲಿ ಇಲ್ಲಿ ಅಂಗಡಿ ಇಟ್ಟಿದ್ದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜುಗೆ ಏಡನ್ನಿನಿಂದ ಬಂದ ಕಾಗದಗಳು ಕೈರೋದ ಹಳೇ ಸಿನಗಾಗಿನ ಉಗ್ರಾಣದಲ್ಲಿ ಸಿಕ್ಕವು. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಅಂಚೆ ಇಲ್ಲ, ನಾಖುದನ (ಹಡಗಿನ ಯಜಮಾನನ) ಕೈಯಲ್ಲಿ ಬಂದಂಥವು. ಒಂದು ಹಡಗು ಮುಳುಗಿದರೆ ಇನ್ನೊಂದು ತಲುಪಲಿ ಅಂತ ಆ ವ್ಯಾಪಾರದಲ್ಲಿ ಒಂದೇ ಕಾಗದದ ಪ್ರತಿಗಳನ್ನ ಬೇರೆ ಬೇರೆ ಹಡಗಲ್ಲಿ ಕಳಿಸೋದು ರೂಢಿ. ಎಷ್ಟೋ ಕಾಗದಕ್ಕೆ ತಾರೀಕಿಲ್ಲ. ಕೈಬರಹ, ನಾಖುದರ ಹೆಸರು, ಅಡಿಕೆ–ಮೆಣಸಿನ ಲೆಕ್ಕ, ಇಷ್ಟನ್ನೇ ಒಂದಕ್ಕೊಂದು ಹೆಣೆದು ಊರು, ವರ್ಷ ಹಿಡಿದರು. ಅವನ ಕೆಲಸದವನ ಹೆಸರು ಬೊಮ್ಮ.

ಬಳಪ ಕಡತ
ಬೆನ್ ಯಿಜು ಬಂದ ಕಾಗದದ ಖಾಲಿ ಬೆನ್ನಿನ ಮೇಲೇ ತನ್ನ ಲೆಕ್ಕ ಬರೀತಿದ್ದ. ಏಡನ್ನಿನಿಂದ ಅವನಿಗೆ ಉಡುಗೊರೆಯಾಗಿ ಕಾಗದವನ್ನೇ ಕಳಿಸ್ತಿದ್ದರು, ಇಲ್ಲಿ ಅದು ಅಷ್ಟು ದುರ್ಲಭ. ನಮ್ಮವರು ಲೆಕ್ಕಕ್ಕೆ ಕಡತ ಹಿಡಿದಿದ್ದೂ ಕಾಗದದ ಹಂಗಿಲ್ಲದೆ ಬದುಕೋಕೆ: ಬಟ್ಟೆಗೆ ಹುಣಿಸೆಬೀಜದ ಗಂಜಿ, ಇದ್ದಿಲು ಬಳಿದು ಬಳಪದಲ್ಲಿ ಬರೆದು, ಬೇಡವಾದಾಗ ಒರೆಸಿ ಮತ್ತೆ ಬರೆಯೋದು.

ಪಂಚಾಂಗದ ಪುಟ
ತಲಚೇರಿ ಮುದ್ರೆಯ ತಾರೀಕು ಓದೋಕೆ ದಾರಿ ಇಲ್ವಾ? ಅದು ಸಿಕ್ಕರೆ ಎಲ್ಲಕ್ಕೂ ಮೊಳೆ ಹೊಡೆದ ಹಾಗೆ.

ಕಾಲುತೊಲ
ಮಸಿ ಮೇಲೆ ಬರಹ ಬಿದ್ದಿದ್ದರೆ ಅತಿಗೆಂಪು ಕ್ಯಾಮೆರಾ ಕೆಲವೊಮ್ಮೆ ಕೈಹಿಡಿಯುತ್ತೆ. ಕಬ್ಬಿಣದ ಶಾಯಿ 850 ನ್ಯಾನೋಮೀಟರ್ ದಾಟಿದ ಮೇಲೆ ಮಸುಕಾಗ್ತಾ ಹೋಗುತ್ತೆ, ಮುದ್ರೆಯ ಕಾಡಿಗೆ ಮಸಿ ಕಪ್ಪಾಗೇ ನಿಲ್ಲುತ್ತೆ. ಆದರೆ ನಮ್ಮ ಮಂಡಿಯವರು ಬರೆದಿದ್ದೂ ಕಾಡಿಗೆ ಮಸಿಯಲ್ಲೇ ಆದರೆ ಎರಡೂ ಕಪ್ಪು, ಏನೂ ಕಾಣಲ್ಲ. ಮುದ್ರೆಯೇ ಎರಡು ಸಲ ಬಿದ್ದು ಕಲಸಿದ್ದರೂ ಅಷ್ಟೆ. ಕೆಂಪು ಮುದ್ರೆ ಮಾಸಿದ್ದರೆ ಮಾತು ಬೇರೆ: ಸ್ಕ್ಯಾನಿನ ನೀಲಿ ಅಥವಾ ಹಸಿರು ಚಾನೆಲ್ ಒಂದನ್ನೇ ತೆರೆದರೆ ಕೆಂಪು ಕಪ್ಪಾಗಿ ಎದ್ದು ಕಾಣುತ್ತೆ.

ಕಾಗದ ತೂಗಿ ಕೂಡ ನೋಡಿ. 1869ರಿಂದ ಅರ್ಧ ಆಣೆಗೆ ಅರ್ಧ ತೊಲದವರೆಗೆ, ಅಂದ್ರೆ 5.8 ಗ್ರಾಂ. ಅದರೊಳಗಿದ್ದರೆ ಕಿತ್ತುಹೋದ ಸ್ಟಾಂಪ್ 1882ರ ಮಾದರಿಯ ಹಸಿರು ಅರ್ಧ ಆಣೆ ಇರಬೇಕು. ಮಳೆಗಾಲದಲ್ಲಿ ಮಾತ್ರ ತೂಗಬೇಡಿ, ಕೊಡಗಿನ ತೇವಕ್ಕೆ ಕಾಗದ ನೀರು ಕುಡಿದು ಭಾರ ಬರುತ್ತೆ.

ಪೇಟೆಬೀದಿ
4.6 ಗ್ರಾಂ. ಹಾಗಾದರೆ ಅದೇ ಥರದ ಹಸಿರು ಅರ್ಧ ಆಣೆ ತಂದು ಆ ಚೌಕದಲ್ಲಿ ಕೂರಿಸಿದರೆ…

ಕಾಲುತೊಲ
ಬೇಡ! ಹೀಗೇ ಖೋಟಾ ಹುಟ್ಟೋದು. ಇವತ್ತು ನೀವು ‘ಅಂದಕ್ಕೆ’ ಅಂಟಿಸ್ತೀರಿ, ನಾಳೆ ಮೊಮ್ಮಗ ಅಸಲಿ ಅಂತ ಮಾರ್ತಾನೆ. ಖಾಲಿ ಚೌಕವೇ ಈ ಕಾಗದದ ಸಾಕ್ಷಿ.

ಒದ್ದೆಮಳೆ
ಇಷ್ಟೊತ್ತು ಸುಮ್ಮನಿದ್ದೆ, ಇದೊಂದು ಹೇಳಿ ಹೋಗ್ತೀನಿ. ಕೊಂಡರೆ ಲ್ಯಾಮಿನೇಟ್ ಮಾಡಿಸಬೇಡಿ, ಹರಿದ ಮಡಿಕೆಗೆ ಸೆಲ್ಲೋಟೇಪ್ ಹಚ್ಚಬೇಡಿ. ಟೇಪಿನ ಅಂಟು ಕಂದಾಗಿ ಕಾಗದದೊಳಗೆ ಇಳಿದರೆ ತೆಗೆಯೋಕಾಗಲ್ಲ. ಪಿವಿಸಿ ಕವರಲ್ಲ, ಪಾಲಿಯೆಸ್ಟರ್ ಕವರು. ಎರಡು ಬದಿ ತೆರೆದಿರಲಿ, ಗಾಳಿಯಾಡಲಿ. ಅರಗಿನ ಮೇಲೆ ಭಾರ ಇಡಬೇಡಿ, ಪುಡಿಯಾಗುತ್ತೆ. ಜೂನ್ ಬರೋಕೆ ಮುಂಚೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಜೆಲ್ ಕಾಗದಕ್ಕೆ ತಾಗಬಾರದು, ಬಣ್ಣ ತಿರುಗಿದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಹೊಗೆಗೂಡಿನ ಮೇಲೆ ಇಟ್ಟರೆ ಹುಳ ಬರಲ್ಲ ಅನ್ನೋ ಅಜ್ಜಿ ಮಾತು ಕಾಳುಮೆಣಸಿಗೆ ಸರಿ.

ಪೇಟೆಬೀದಿ
ಮೊಕ್ಕಾಂ ಸಿಕ್ತು. ‘ಮೊ’ ಆದಮೇಲೆ ‘ಅಮ್ಮ’, ಆಮೇಲೆ ಒಂದು ಒತ್ತು, ಇಕಾರದ ಸುಳಿ. ವಿರಾಜಪೇಟೆ ಹತ್ತಿರದ ಅಮ್ಮತ್ತಿ ಅಂತ ಓದಬಹುದಾ?

ಬಳಪ ಕಡತ
ಚಿತ್ರ ನೋಡಿದೆ. ತ ಒತ್ತಿನ ಹಾಗೇ ಕಾಣುತ್ತೆ. ಅದೇ ಕಾಗದದಲ್ಲಿ ‘ಹುತ್ತರಿ’ ಇದೆಯಲ್ಲ, ಅದರ ತ್ತ ಪಕ್ಕಕ್ಕೆ ಇಟ್ಟು ಹೋಲಿಸಿ. ಒಂದೇ ಕೈ ಒಂದೇ ಒತ್ತನ್ನ ಎರಡು ಥರ ಬರೆಯೋದು ಅಪರೂಪ. ಹೊಂದಿದರೆ ಅಮ್ಮತ್ತಿಯಲ್ಲಿ ಬರೆದು ವಿರಾಜಪೇಟೆಯಲ್ಲಿ ಟಪಾಲಿಗೆ ಹಾಕಿದ್ದು.

ಪೇಟೆಬೀದಿ
ಹೊಂದಿತು. ಮಾರುವವರಿಗೆ ಎಲ್ಲಾ ಬರೆದು ಕಳಿಸಿದೆ: 1895, ಸ್ಟಾಂಪ್ ಕಿತ್ತಿದೆ, ವಿರಾಜಪೇಟೆ ಮುದ್ರೆ, ಅಮ್ಮತ್ತಿಯ ಬರಹ. ಬೆಲೆ ಇಳಿಸಿದ್ದಾರೆ. ಆದರೆ ಶೀರ್ಷಿಕೆ ಈಗ ‘ಅತಿ ಅಪರೂಪ, ಅಮ್ಮತ್ತಿ ಅಂಚೆ ಮುದ್ರೆ’.

ಮೂರುಸೇರು
ಎಲ್ಲಿದೆ ತೋರಿಸಿ ಅನ್ನಿ.